ಗುಂಪಿಗೆ ಮೂವತ್ನಾಲ್ಕು

"ಸಾಲದು."

ಅವಳ ಅಧ್ಯಯನದ ಅರ್ಜಿಯ ಮೊದಲ ಪುಟದ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಅದೊಂದೇ ಪದ! ಕಾರಣವಿಲ್ಲ, ವಿವರಣೆಯಿಲ್ಲ, ಒಂದು 'ದಯವಿಟ್ಟು' ಕೂಡ ಇಲ್ಲ.

ಆ ಕಾಗದವನ್ನು ಮುಷ್ಟಿಯಲ್ಲಿ ಹಿಡಿದು ಅವಳು ಆಸ್ಪತ್ರೆಯ ನಾಲ್ಕನೇ ಮಹಡಿಗೆ ಮೆಟ್ಟಿಲು ಹತ್ತಿಯೇ ಬಂದಳು. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಅವಳ ಜಾತಕದಲ್ಲೇ ಇರಲಿಲ್ಲ ಅನ್ನಿ. ಏಳು ವರ್ಷದಿಂದ ಮಂಡಿ ಆಪರೇಷನ್ ಆದವರಿಗೆಲ್ಲ ವ್ಯಾಯಾಮ ಮಾಡಿಸಿ, ಬೈದು, ಮುದ್ದಿಸಿ ನಡೆಸುತ್ತಿದ್ದವಳು ಅವಳೇ. ವಾರ್ಡಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು 'ಮಂಡಿ ಮೇಡಂ' ಎಂದೇ.

ಬಾಗಿಲು ತಟ್ಟುವ ಶಾಸ್ತ್ರವನ್ನೂ ಮಾಡದೆ ಒಳಗೆ ನುಗ್ಗಿದಳು.

"ಇದನ್ನ ಬರೆದೋರು ಯಾರು?"

ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು ಕಂಪ್ಯೂಟರಿನಲ್ಲಿ ಮುಳುಗಿದ್ದವನು ನಿಧಾನವಾಗಿ ತಲೆ ಎತ್ತಿದ.

"ನಾನೇ."

"ಏನ್ರೀ ಸಾಲದು? ನನ್ನ ಓದು ಸಾಲದಾ? ಏಳು ವರ್ಷದ ಅನುಭವ ಸಾಲದಾ?"

"ರೋಗಿಗಳು ಸಾಲದು ಮೇಡಂ. ಕೂತ್ಕೊಳಿ, ಹೇಳ್ತೀನಿ."

"ಕೂರಲ್ಲ!"

"ಸರಿ. ಹಾಗಾದ್ರೆ ನಾನೂ ನಿಂತ್ಕೋತೀನಿ," ಎಂದು ಅವನು ನಿಜವಾಗಿಯೂ ಎದ್ದು ನಿಂತುಬಿಟ್ಟ!

ಅವನು ಆಸ್ಪತ್ರೆಯ ಸಂಖ್ಯಾಶಾಸ್ತ್ರಜ್ಞ. ಹೆಸರು ಹಿಡಿದು ಕರೆಯುವವರು ಕಡಿಮೆ, ಎಲ್ಲರಿಗೂ 'ಸರಾಸರಿ'. ಎತ್ತರವೂ ಸರಾಸರಿ, ದನಿಯೂ ಸರಾಸರಿ, ಅಂಗಿಯ ಬಣ್ಣವಂತೂ ಕೇಳಲೇಬೇಡಿ. ಕಣ್ಣು ಮಾತ್ರ... ಛೆ, ಸಿಟ್ಟಿನಲ್ಲಿ ಬಂದವಳು ಕಣ್ಣು ನೋಡುವುದೇನು ಎಂದು ತನ್ನನ್ನೇ ಗದರಿಕೊಂಡಳು.

"ನೋಡಿ, ನಿಮ್ಮದು ನಾಲ್ಕು ಗುಂಪು," ಎಂದ ಅವನು. "ಒಂದು ಗುಂಪಿಗೆ ಮಾಮೂಲಿ ವ್ಯಾಯಾಮ, ಒಂದಕ್ಕೆ ಮಂಡಿ ಮಡಚೋ ಯಂತ್ರ, ಒಂದಕ್ಕೆ ನೀರಿನ ತೊಟ್ಟಿ, ಕೊನೇದಕ್ಕೆ ನಿಮ್ಮ ಕುರ್ಚಿ ವ್ಯಾಯಾಮ. ಆಪರೇಷನ್ ಆದ ಆರನೇ ವಾರ ಎಲ್ರ ಮಂಡಿ ಎಷ್ಟು ಡಿಗ್ರಿ ಮಡಚುತ್ತೆ ಅಂತ ಅಳೆದು, ನಾಲ್ಕು ಸರಾಸರಿಗಳನ್ನ ಹೋಲಿಸ್ತೀರಿ. ಸರೀನಾ?"

"ಸರಿ. ಅದಕ್ಕೇನೀಗ?"

"ಗುಂಪಿಗೆ ಹತ್ತೇ ಜನ ಇಟ್ಕೊಂಡಿದ್ದೀರಿ. ನಿಮ್ಮ ಕುರ್ಚಿ ವ್ಯಾಯಾಮ ನಿಜವಾಗ್ಲೂ ಒಳ್ಳೇದೇ ಇರಬಹುದು. ಆದ್ರೂ ಹತ್ತು ಜನರಲ್ಲಿ ಅದು ಲೆಕ್ಕಕ್ಕೆ ಕಾಣಿಸೋದು, ಅಂದಾಜು, ನಾಲ್ಕು ಸಲಕ್ಕೆ ಒಂದು ಸಲ. ಉಳಿದ ಮೂರು ಸಲ 'ಏನೂ ವ್ಯತ್ಯಾಸ ಇಲ್ಲ' ಅಂತಲೇ ಬರುತ್ತೆ. ಕತ್ತಲ ಕೋಣೇಲಿ ಕಿವಿಯೋಲೆ ಹುಡುಕಿದ ಹಾಗೆ. ಓಲೆ ಅಲ್ಲೇ ಇರುತ್ತೆ. ದೀಪ ಮಂಕು, ಅಷ್ಟೇ."

"ಮೂರು ಸಲ... ಇಲ್ಲ ಅಂತ ಬರುತ್ತಾ?"

"ಬರುತ್ತೆ. ಆಮೇಲೆ ಯಾರೂ ಇನ್ನೊಂದು ಸಲ ಹುಡುಕಲ್ಲ ಮೇಡಂ. ಇಲ್ಲ ಅಂತ ಮುದ್ರೆ ಒತ್ತಿಬಿಡ್ತಾರೆ."

ಅವಳ ಸಿಟ್ಟು ಜರ್ರನೆ ಇಳಿಯಿತು. ಏಕೆಂದರೆ ಅವಳ ಭಯವೂ ಅದೇ ಆಗಿತ್ತು! ವರ್ಷದ ಕೊನೆಗೆ ಅವಳ ವ್ಯಾಯಾಮದ ಹಾಲಿಗೆ, ಈಗಿರುವ ಒಂದರ ಜೊತೆಗೆ, ಇನ್ನೂ ಹನ್ನೆರಡು ಯಂತ್ರಗಳು ಬರುತ್ತವೆಂದು ಆಡಳಿತದವರು ಆಗಲೇ ಮಾತಾಡಿಕೊಳ್ಳುತ್ತಿದ್ದರು. ಯಂತ್ರ ಬಂದರೆ ಅವಳ ಕುರ್ಚಿಗಳೆಲ್ಲ ಗೋದಾಮಿಗೆ. ಏಳು ವರ್ಷ ಒಬ್ಬೊಬ್ಬರ ಕಾಲು ಹಿಡಿದು ಕಟ್ಟಿದ ವಿದ್ಯೆ ಅವುಗಳ ಹಿಂದೆಯೇ. ಈ ಅಧ್ಯಯನವೊಂದೇ ಅದನ್ನು ಉಳಿಸಬಹುದಿತ್ತು.

"ಹಾಗಾದ್ರೆ ಎಷ್ಟು ಜನ ಬೇಕು?" ದನಿ ತಾನಾಗಿಯೇ ಮೆತ್ತಗಾಗಿತ್ತು.

"ಅದನ್ನ ಹೇಳಬೇಕಾದ್ರೆ ಮಂಡಿಗಳು ಒಂದರಿಂದ ಒಂದು ಎಷ್ಟು ಬೇರೆ ಬೇರೆ ಅಂತ ಗೊತ್ತಿರಬೇಕು. ಅದಕ್ಕೆ ಹರವು ಅಂತೀವಿ, ಅದು ಜಾಸ್ತಿ ಆದಷ್ಟೂ ಜನ ಜಾಸ್ತಿ ಬೇಕು. ನಿಮ್ಮ ಹತ್ರ ಹಳೇ ಅಳತೆ ಇದ್ಯಾ?"

ಇತ್ತು. ಯಾರಿಗೂ ತೋರಿಸದ ನೋಟ್‌ಬುಕ್ಕೊಂದು ಇತ್ತು. ಏಳು ವರ್ಷದ ಮಂಡಿಗಳೆಲ್ಲ, ಯಾರಿಗೆ ಯಾವ ಬಗೆಯ ವ್ಯಾಯಾಮ ಎಂಬುದರ ಸಮೇತ, ಅದರಲ್ಲಿದ್ದವು. ಪಕ್ಕದಲ್ಲಿ ಅವಳ ಪುಟ್ಟ ಅಕ್ಷರದ ಟಿಪ್ಪಣಿಗಳು: 'ಇವತ್ತು ನಕ್ಕರು', 'ಮೆಟ್ಟಿಲು ಹತ್ತಿದರು', 'ಮೊಮ್ಮಗಳ ಜೊತೆ ನೆಲದ ಮೇಲೆ ಕೂತರಂತೆ!'

ಮರುದಿನವೇ ಅದನ್ನು ತಂದು ಅವನ ಕೈಗಿಟ್ಟಳು.

ಆಮೇಲಿನ ಮೂರು ತಿಂಗಳು... ಏನು ಹೇಳುವುದು! ಮಧ್ಯಾಹ್ನದ ಚಹಾ ನಾಲ್ಕನೇ ಮಹಡಿಯಲ್ಲೇ ಆಗತೊಡಗಿತು. ಅವನು ಸಂಖ್ಯೆ ತೋರಿಸುವನು, ಅವಳು ಪ್ರಶ್ನೆ ಕೇಳುವಳು, ಅವನು ಉತ್ತರಿಸುವಷ್ಟರಲ್ಲಿ ಚಹಾ ತಣ್ಣಗಾಗುವುದು.

"ಕುರ್ಚಿ ಗುಂಪು ಉಳಿದ ಮೂರಕ್ಕಿಂತ ಎಂಟು ಡಿಗ್ರಿ ಜಾಸ್ತಿ. ಹರವು ಹನ್ನೆರಡು," ಎಂದು ಒಂದು ದಿನ ಅವನು ಕಾಗದದ ಮೇಲೆ ದೊಡ್ಡದಾಗಿ ಬರೆದ. "ಗುಂಪಿಗೆ ಮೂವತ್ನಾಲ್ಕು. ಒಟ್ಟು ನೂರ ಮೂವತ್ತಾರು. ಇಷ್ಟಿದ್ರೆ ಐದಕ್ಕೆ ನಾಲ್ಕು ಸಲ ನಿಮ್ಮ ಓಲೆ ಸಿಗುತ್ತೆ."

"ಇನ್ನೊಂದು ಸಲ?"

"ಇನ್ನೊಂದು ಸಲ ಅದೃಷ್ಟ ಕೈ ಕೊಡುತ್ತೆ. ಅದಕ್ಕೆ ನನ್ನನ್ನ ಬೈಬೇಡಿ."

"ನಿಮ್ಮನ್ನಲ್ದೆ ಇನ್ಯಾರನ್ನ ಬೈಲಿ?"

ಇಬ್ಬರೂ ನಕ್ಕರು. ನಗು ಮುಗಿದ ಮೇಲೂ ಒಬ್ಬರನ್ನೊಬ್ಬರು ನೋಡುತ್ತಲೇ ಇದ್ದರು. ಅವನು ಆ ಲೆಕ್ಕದ ಕೆಳಗೆ ಸಹಿ ಹಾಕಿ, ಅವಳ ಕೈಗೆ ಕೊಡುವಾಗ ಬೆರಳು ತಾಗಿತು. 'ಅಯ್ಯೋ, ಈ ವಯಸ್ಸಿಗೆ ಇದೇನು ಎದೆ ಹೀಗೆ ಹೊಡ್ಕೊಳ್ಳುತ್ತೆ!' ಮೂವತ್ತಮೂರರ ಮಂಡಿ ಮೇಡಂಗೆ ನಾಚಿಕೆಯಾಯಿತು.

"ನಿಮ್ಗೆ ಒಂದು ಮಾತು ಹೇಳಬೇಕು," ಎಂದ ಅವನು ತಡವರಿಸುತ್ತಾ. "ಆದ್ರೆ... ಇವತ್ತಲ್ಲ."

"ಯಾಕಲ್ಲ?"

"ನಾಳೆ ನಿಮ್ಮ ಅರ್ಜಿ ಒಪ್ಪಿಗೆ ಕೊಡೋ ಸಮಿತಿಗೆ ಹೋಗುತ್ತೆ. ನಾನೂ ಸಮಿತಿ ಸದಸ್ಯ. ಅರ್ಜಿ ಅಲ್ಲಿಗೆ ಬಂದ ಮೇಲೆ ಒಂದು ವಾರ, ಸಭೆ ಮುಗಿಯೋವರೆಗೂ, ಸದಸ್ಯರು ಅರ್ಜಿ ಹಾಕಿದೋರ ಜೊತೆ ಮಾತಾಡೋ ಹಾಗಿಲ್ಲ. ನಿಯಮ. ಸಭೆ ಮುಗೀಲಿ. ಆಮೇಲೆ ಹೇಳ್ತೀನಿ."

ಎಂಥಾ ನಿಯತ್ತಿನ ಮನುಷ್ಯ ಎಂದು ಅವಳಿಗೆ ಹೆಮ್ಮೆಯೇ ಆಯಿತು! ಏಳು ದಿನ ತಾನೇ? ಬೆರಳು ಮಡಚಿ ಎಣಿಸಿದಳು.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಭೆ. ಉದ್ದದ ಮೇಜು, ಒಂಬತ್ತು ಜನ, ಅಧ್ಯಕ್ಷರ ಜಾಗದಲ್ಲಿ ದೊಡ್ಡ ಡಾಕ್ಟರು. ಅಕ್ಕ ಇಸ್ತ್ರಿ ಮಾಡಿಕೊಟ್ಟ ಹೊಸ ಅಂಗಿಯಲ್ಲಿ ಅವಳು ಹತ್ತು ನಿಮಿಷ ಮಾತಾಡಿದಳು. ಎಲ್ಲರೂ ತಲೆದೂಗಿದರು. ದೊಡ್ಡ ಡಾಕ್ಟರಂತೂ ಪೆನ್ನಿನ ಮುಚ್ಚಳ ತೆಗೆದು ಒಪ್ಪಿಗೆ ಹಾಕಲು ಸಿದ್ಧರಾಗಿದ್ದರು.

ಆಗ ಅವನು ಎದ್ದು ನಿಂತ.

"ಕ್ಷಮಿಸಿ. ಈ ಮೂವತ್ನಾಲ್ಕು ತಪ್ಪು. ಇದಕ್ಕೆ ನಾನೇ ಸಹಿ ಹಾಕಿದ್ದೆ, ಈಗ ವಾಪಸ್ ತಗೋತಿದ್ದೀನಿ. ಈ ಅಧ್ಯಯನ ಹೀಗೆ ಶುರು ಆಗಬಾರದು."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ತಮಾಷೆಯೇ? ಅವನ ಮುಖ ನೋಡಿದಳು. ಅವನು ಅವಳತ್ತ ನೋಡಲಿಲ್ಲ, ಕಾಗದ ನೋಡಿಕೊಂಡು ಮಾತಾಡುತ್ತಲೇ ಇದ್ದ. ಹರವು ಹದಿನೆಂಟು... ಹತ್ತಕ್ಕೆ ನಾಲ್ಕು ಸಲ ಮಾತ್ರ... ಅವಳ ನೋಟ್‌ಬುಕ್ಕಿನಲ್ಲಿ ಎಲ್ಲ ರೋಗಿಗಳೂ ಇಲ್ಲ...

ಅವಳ ನೋಟ್‌ಬುಕ್! ತುಂಬಿದ ಸಭೆಯಲ್ಲಿ, ಅವಳ ನೋಟ್‌ಬುಕ್!

"ಮೇಡಂ, ಇದಕ್ಕೆ ಏನಂತೀರಿ?" ಎಂದು ದೊಡ್ಡ ಡಾಕ್ಟರು ಕೇಳಿದರು.

ಅವಳು ತನ್ನ ಕಾಗದಗಳನ್ನು ಬಾಚಿಕೊಂಡು ಎದ್ದಳು. ಪೆನ್ನಿನ ಮುಚ್ಚಳ ಮತ್ತೆ ಮುಚ್ಚಿಕೊಂಡಿತು.

ಕಾರಿಡಾರಿನಲ್ಲಿ ಅವನು ಹಿಂದೆಯೇ ಓಡಿಬಂದ. "ಒಂದು ನಿಮಿಷ... ದಯವಿಟ್ಟು..."

"ಯಾವತ್ತು ಗೊತ್ತಾಯ್ತು ನಿಮಗೆ?" ಅವಳು ತಿರುಗದೆಯೇ ಕೇಳಿದಳು.

"ಸೋಮವಾರ."

"ಇವತ್ತು ಗುರುವಾರ! ಮೂರು ದಿನ! ಮೂರು ದಿನ ನನ್ನ ಎದುರಿಗೇ ಓಡಾಡಿಕೊಂಡಿದ್ರಿ. ನಿನ್ನೆ ಮೆಟ್ಟಿಲ ಹತ್ರ ನಾನು ನಕ್ಕೆ, ನೀವೂ ನಕ್ಕಿರಿ!"

"ನಿಯಮ ಇತ್ತು. ಮಾತಾಡೋ ಹಾಗಿರ್ಲಿಲ್ಲ..."

"ನಿಯಮ! ನಂಬಿಸಿ ಕತ್ತು ಕೊಯ್ಯೋದಕ್ಕೂ ನಿಯಮ ಪುಸ್ತಕದಲ್ಲಿ ಜಾಗ ಇದ್ಯಾ? ನನ್ನ ನೋಟ್‌ಬುಕ್ ಕೊಡಿ. ಈಗಲೇ ಕೊಡಿ. ಇನ್ನು ನನ್ನ ವಾರ್ಡಿನ ಕಡೆ ತಲೆ ಹಾಕಬೇಡಿ!"

ಅವನು ನೋಟ್‌ಬುಕ್ ತಂದುಕೊಟ್ಟ. ಅವಳ ಕಣ್ಣು ತುಂಬಿದ್ದನ್ನು ಅವನು ನೋಡಿದ.

ಮನೆಗೆ ಬಂದವಳೇ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತಳು.

"ಬೆನ್ನಿಗೆ ಚೂರಿ ಹಾಕಿದ ಅಕ್ಕಾ... ನಾನು ಅವನನ್ನ ಏನೇನೋ ಅಂದ್ಕೊಂಡಿದ್ದೆ..."

ಅಕ್ಕ ತಲೆ ಸವರಿದಳು. ಅವಳು ಶಾಲೆಯಲ್ಲಿ ಪಾಠ ಹೇಳುವವಳು, ಅಳುವವರನ್ನು ಪೂರ್ತಿ ಅಳಲು ಬಿಡುವುದು ಅವಳಿಗೆ ಗೊತ್ತು. ಅಳು ನಿಂತ ಮೇಲೆ ಕೇಳಿದಳು:

"ಅವನು ಹೇಳಿದ್ದು ಸುಳ್ಳಾ?"

"ಸುಳ್ಳೋ ನಿಜವೋ! ನನಗೆ ಮೊದಲು ಹೇಳಬೇಕಿತ್ತು ತಾನೇ?"

"ಹೇಳಬೇಕಿತ್ತು. ಅದು ಅವನ ತಪ್ಪು. ಆದ್ರೆ ನಾನು ಕೇಳಿದ್ದು ಅದಲ್ಲ ಕಣೇ. ಸುಳ್ಳಾ ಅಂತ ಕೇಳಿದೆ. ಕೋಪದಲ್ಲಿ ಕೊಯ್ಕೊಂಡ ಮೂಗು ಆಮೇಲೆ ಅಂಟಲ್ಲ, ನೋಡ್ಕೋ."

"ಸುಳ್ಳು ಅಂತ ತೋರಿಸ್ತೀನಿ! ಎಲ್ರ ಮುಂದೇನೇ ತೋರಿಸ್ತೀನಿ!"

ಹಟ ಅಂದರೆ ಹಟ. ಮಾರನೇ ದಿನದಿಂದ ಕೆಲಸ ಮುಗಿಸಿ ನೇರ ದಾಖಲೆ ಕೋಣೆಗೆ ಹೋಗತೊಡಗಿದಳು. ಅಲ್ಲಿ ಆಪರೇಷನ್ ಡಾಕ್ಟರ ತಪಾಸಣೆಯ ರಿಜಿಸ್ಟರುಗಳಿದ್ದವು. ಆರನೇ ವಾರ ಪ್ರತಿ ರೋಗಿಯನ್ನೂ ಡಾಕ್ಟರು ಕರೆಸಿ ಮಂಡಿ ಅಳೆಯುತ್ತಿದ್ದರು, ವ್ಯಾಯಾಮಕ್ಕೆ ಬಂದಿರಲಿ, ಬಿಟ್ಟಿರಲಿ.

"ನಿಮ್ಮ ಸರಾಸರಿಯೂ ಇಲ್ಲೇ ಕೂತಿದ್ರು," ಎಂದರು ದಾಖಲೆ ಕೋಣೆಯ ಅಮ್ಮ, ಕನ್ನಡಕದ ಮೇಲಿನಿಂದ ನೋಡುತ್ತಾ. "ಸೋಮವಾರ ಇಡೀ ದಿನ. ಊಟಕ್ಕೂ ಏಳಲಿಲ್ಲ. ಕೂಡಿದ್ದನ್ನೇ ಕೂಡೋದು, ಕೂಡಿದ್ದನ್ನೇ ಕೂಡೋದು. ತಪ್ಪು ಸಿಗಲಪ್ಪಾ ಅಂತ ಹುಡುಕೋರ ಹಾಗೆ ಇತ್ತು."

"ನನ್ನ ತಪ್ಪು ತಾನೇ?" ಅವಳು ಕಹಿಯಾಗಿ ಕೇಳಿದಳು.

"ಅಲ್ಲಮ್ಮ. ತನ್ನದು. ಹೊಸ ಲೆಕ್ಕವೇ ತಪ್ಪಾಗಿರಲಿ ಅಂತ."

ಅವಳು ಪುಟ ತಿರುವಿದಳು. ತಿರುವಿದಂತೆಲ್ಲ ಬೆರಳು ನಿಧಾನವಾಯಿತು. ಇವರು ಯಾರು? ಈ ದರ್ಜಿ... ಈ ಟೀಚರು... ಅವಳ ವ್ಯಾಯಾಮಕ್ಕೆ ಬಂದವರೇ! ಆದರೆ ಅವಳ ನೋಟ್‌ಬುಕ್ಕಿನಲ್ಲಿ ಇವರ ಆರನೇ ವಾರದ ಅಳತೆ ಇಲ್ಲ. ಕೊನೆಯ ದಿನದವರೆಗೂ ಬಂದವರದನ್ನು ಮಾತ್ರ ಅವಳು ಬರೆದುಕೊಂಡಿದ್ದಳು. ನಡುವೆ ಬಿಟ್ಟವರ ಹೆಸರಿನ ಮೇಲೆ ಒಂದು ಗೆರೆ, ಅಷ್ಟೇ.

ಏಳು ವರ್ಷದಲ್ಲಿ ಅಂಥ ಗೆರೆಗಳು ನಲವತ್ತೊಂದು!

ಶನಿವಾರ ಆ ದರ್ಜಿಯ ಅಂಗಡಿ ಹುಡುಕಿಕೊಂಡು ಹೋದಳು. ಕಿಟಕಿಯ ಬಳಿ ಹೊಲಿಗೆ ಯಂತ್ರ ಓಡುತ್ತಿತ್ತು. ಎರಡು ಕಾಲಲ್ಲಿ ತುಳಿಯಬೇಕಾದ ಯಂತ್ರವನ್ನು ಅವರು ಒಂದೇ ಕಾಲಲ್ಲಿ ತುಳಿಯುತ್ತಿದ್ದರು. ಇನ್ನೊಂದು ಕಾಲು ಪಕ್ಕದ ಪೀಠದ ಮೇಲೆ ನೇರವಾಗಿ ಚಾಚಿಕೊಂಡಿತ್ತು.

"ಓಹೋ, ಮಂಡಿ ಮೇಡಂ!"

"ನೀವು ಯಾಕೆ ಬರೋದು ಬಿಟ್ರಿ?"

ಅವರು ದಾರ ಕಡಿದರು.

"ತುಂಬ ನೋಯ್ತಿತ್ತು ಮೇಡಂ. ಹೇಳಿದ್ರೆ ನೀವು ಎಲ್ರ ಮುಂದೆ 'ಸೋಮಾರಿ' ಅಂದ್ರಿ. ನೀವೇನೋ ತಮಾಷೆಗೇ ಅಂದಿರಬಹುದು. ಆದ್ರೆ ಐವತ್ತು ವರ್ಷ ದುಡಿದವನಿಗೆ... ಬೇಜಾರಾಯ್ತು."

ಎಲ್ಲರ ಮುಂದೆ! ಅವಳು ನೆಲದ ಮೇಲೆ ಕುಳಿತು ಅವರ ಮಂಡಿಯನ್ನು ಮೆಲ್ಲಗೆ ಮಡಚಿ ಅಳೆದಳು. ಅರವತ್ತೆರಡು ಡಿಗ್ರಿ.

"ತಪ್ಪಾಯ್ತು ಯಜಮಾನ್ರೇ. ಮತ್ತೆ ಬರ್ತೀರಾ? ಈ ಸಲ ಬೈಯಲ್ಲ."

"ಬೈದ್ರೆ?"

"ನೀವೂ ತಿರುಗಿ ಬೈಯಿರಿ."

ಅವರು ನಕ್ಕುಬಿಟ್ಟರು. ಅವಳಿಗೆ ಮಾತ್ರ ನಗು ಬರಲಿಲ್ಲ.

ಎರಡು ವಾರದಲ್ಲಿ ನಲವತ್ತೊಂದು ಜನರ ಅಳತೆಯನ್ನೂ ರಿಜಿಸ್ಟರಿನಿಂದ ತೆಗೆದು ನೋಟ್‌ಬುಕ್ಕಿಗೆ ಸೇರಿಸಿದಳು. ಅವನೇ ಕಲಿಸಿಕೊಟ್ಟ ಲೆಕ್ಕವನ್ನು ತಾನೇ ಮಾಡಿದಳು, ಮೂರು ಸಲ ಮಾಡಿದಳು. ಕುರ್ಚಿಯ ಎಂಟು ಡಿಗ್ರಿ ಅಲುಗಲಿಲ್ಲ, ನಡುವೆ ಬಿಟ್ಟವರು ನಾಲ್ಕೂ ಬಗೆಯಲ್ಲಿ ಇದ್ದರು. ಹರವು ಮಾತ್ರ ಹದಿನೆಂಟೇ ಬಂತು. ಗುಂಪಿಗೆ ಮೂವತ್ನಾಲ್ಕು ಇಟ್ಟಿದ್ದರೆ ಹತ್ತಕ್ಕೆ ಆರು ಸಲ ಅವಳ ಕುರ್ಚಿ ವ್ಯಾಯಾಮ ಸೋಲುತ್ತಿತ್ತು. ಒಳ್ಳೆಯದಾಗಿದ್ದೂ ಸೋಲುತ್ತಿತ್ತು! ಯಂತ್ರಗಳು ಬರುತ್ತಿದ್ದವು. ಇನ್ನೊಂದು ಸಲ ಯಾರೂ ಹುಡುಕುತ್ತಿರಲಿಲ್ಲ.

ಅಂದರೆ ಅವನು ಅವಳ ಏಳು ವರ್ಷವನ್ನು ಉಳಿಸಿದ್ದ. ಅವಳ ಮನಸ್ಸನ್ನು ಮುರಿದು ಉಳಿಸಿದ್ದ.

'ಲೆಕ್ಕ ಅವನದು ಸರಿ. ಹಾಗಂತ ನನ್ನ ನೋವೇನು ಸುಳ್ಳಾ?' ಎಷ್ಟು ಯೋಚಿಸಿದರೂ ಎರಡೂ ಒಂದಾಗಲಿಲ್ಲ. ಒಂದನ್ನು ನೆನೆದರೆ ಓಡಿಹೋಗಿ ಅವನ ಕೈ ಹಿಡಿಯಬೇಕೆನಿಸುತ್ತಿತ್ತು. ಇನ್ನೊಂದನ್ನು ನೆನೆದರೆ ಮೆಟ್ಟಿಲ ಹತ್ತಿರದ ಆ ನಗು ಎದೆಗೆ ಚುಚ್ಚುತ್ತಿತ್ತು.

"ಹೋಗಿ ಎರಡನ್ನೂ ಅವನ ಮುಖಕ್ಕೇ ಹೇಳು," ಎಂದಳು ಅಕ್ಕ. "ನನ್ನ ತಲೆ ಯಾಕೆ ತಿಂತೀಯಾ?"

ಸೋಮವಾರ ಮಧ್ಯಾಹ್ನ ಅವಳು ನಾಲ್ಕನೇ ಮಹಡಿಗೆ ಹೋದಳು. ಅವನು ಸೊರಗಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ, ಪೆನ್ಸಿಲ್ ನೆಲಕ್ಕೆ ಬಿತ್ತು.

"ನೀವು ಹೇಳಿದ್ದು ಸರಿ," ಎಂದಳು ಉಸಿರು ಬಿಗಿಹಿಡಿದು. "ಹದಿನೆಂಟೇ. ನಾನೇ ಲೆಕ್ಕ ಹಾಕಿದೆ. ಆದ್ರೆ ನೀವು ಮಾಡಿದ ರೀತಿ ದ್ರೋಹ. ಎರಡನ್ನೂ ಹೇಳೋಕೆ ಬಂದೆ."

"ಹೌದು," ಎಂದ ಅವನು. "ದ್ರೋಹವೇ."

ವಾದ ಮಾಡುತ್ತಾನೆಂದು ತಯಾರಾಗಿ ಬಂದಿದ್ದಳು. ಈ ಒಂದು ಮಾತಿಗೆ ಅವಳ ತಯಾರಿಯೆಲ್ಲ ಕುಸಿಯಿತು.

"ನಿಯಮ ಮುರಿಯೋಕೆ ಆಗಲ್ಲ ಅಂದ್ರೆ ಸೋಮವಾರವೇ ಸಮಿತಿ ಬಿಟ್ಟು ನಿಮ್ಮ ಹತ್ರ ಬರಬಹುದಿತ್ತು. ಆ ದಾರಿ ಹೊಳೀಲಿಲ್ಲ ಅಂತ ಸುಳ್ಳು ಹೇಳಲ್ಲ. ಹೊಳೀತು. ಹೆದರಿಕೆ ಆಯ್ತು. ನಿಮಗೆ ಹೇಳಿದ್ರೆ ನೀವು ಅಳ್ತೀರಿ, ನೀವು ಅತ್ರೆ ನಾನು ಸುಮ್ಮನಾಗಿಬಿಡ್ತೀನಿ, ಅರ್ಜಿ ಹಾಗೇ ಪಾಸಾಗುತ್ತೆ ಅಂತ. ನನ್ನ ಮೇಲೇ ನನಗೆ ನಂಬಿಕೆ ಇರ್ಲಿಲ್ಲ."

"ಅಷ್ಟೊಂದು ಅಳ್ತೀನಾ ನಾನು?" ಎಂದಳು, ಕಣ್ಣೀರು ಆಗಲೇ ಕೆನ್ನೆಗೆ ಇಳಿದಿತ್ತು!

"ಇನ್ನೊಂದಿದೆ. ತಪ್ಪು ಶುರುವಾಗಿದ್ದೇ ನನ್ನಿಂದ. ಬೇರೆ ಯಾರೇ ನೋಟ್‌ಬುಕ್ ತಂದಿದ್ರೂ ಮೊದಲ ದಿನವೇ 'ನಡುವೆ ಬಿಟ್ಟೋರು ಎಲ್ಲಿ' ಅಂತ ಕೇಳ್ತಿದ್ದೆ. ಅದೇ ನನ್ನ ಕೆಲಸ. ನಿಮ್ಮನ್ನ ಕೇಳಲಿಲ್ಲ. 'ಮೊಮ್ಮಗಳ ಜೊತೆ ನೆಲದ ಮೇಲೆ ಕೂತರಂತೆ' ಅನ್ನೋದನ್ನ ಓದ್ತಾ ಕೂತುಬಿಟ್ಟೆ. ನಿಮ್ಮ ಅಕ್ಷರ ನೋಡ್ತಾ... ಲೆಕ್ಕದವನು ಲೆಕ್ಕ ಮರೆತೆ."

ಕೆಳಗೆ ಆಂಬುಲೆನ್ಸ್ ಹಿಂದಕ್ಕೆ ಸರಿಯುವ ಸದ್ದು ಕೇಳುತ್ತಿತ್ತು.

"ಅವತ್ತು ಹೇಳಬೇಕು ಅಂದಿದ್ದ ಮಾತು ಅದೇನಾ?" ಅವಳ ದನಿ ಪಿಸುಗುಟ್ಟುವಷ್ಟಾಗಿತ್ತು.

"ಅದೇ. ನೀವಂದ್ರೆ ನನಗೆ ತುಂಬ ಇಷ್ಟ. ಈಗ ಹೇಳೋ ಅರ್ಹತೆ ಇಲ್ಲ, ಗೊತ್ತು. ಸಮಿತಿಗೆ ರಾಜೀನಾಮೆ ಕೊಟ್ಟಿದ್ದೀನಿ. ಅಲ್ಲಿದ್ರೆ ಅರ್ಜಿ ಹಾಕಿದೋರ ಜೊತೆ ಮಾತಾಡೋ ಹಾಗಿಲ್ಲ. ನನಗೆ ಅರ್ಜಿ ಹಾಕಿದೋರ ಜೊತೆ ದಿನಾ ಮಾತಾಡಬೇಕು."

ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಆಮೇಲೆ ಚೀಲದಿಂದ ಹೊಸ ಅರ್ಜಿ ತೆಗೆದು ಮೇಜಿನ ಮೇಲಿಟ್ಟಳು.

"ಇನ್ನೆರಡು ಆಸ್ಪತ್ರೆಯೋರನ್ನ ಕೇಳಿದೆ, ಒಪ್ಪಿದ್ದಾರೆ. ಮೂರೂ ಕಡೆ ಸೇರಿ ಗುಂಪಿಗೆ ಎಪ್ಪತ್ತೈದು, ಒಟ್ಟು ಮುನ್ನೂರು. ಇದು ಮುಗಿಯೋವರೆಗೂ ಯಂತ್ರ ತರಿಸಲ್ಲ ಅಂತ ದೊಡ್ಡ ಡಾಕ್ಟರು ಬರೆದುಕೊಟ್ಟಿದ್ದಾರೆ. ಇದರಲ್ಲಿ ನೀವು ನನ್ನ ಜೊತೆಗಾರ ಆಗಬೇಕು. ಒಂದು ಷರತ್ತು. ನನ್ನ ತಪ್ಪು ಕಂಡ್ರೆ ಮೊದಲು ನನಗೆ ಹೇಳಬೇಕು. ಆ ಕ್ಷಣವೇ. ನಾನು ಅತ್ರೂ ಸರಿ, ಕೂಗಾಡಿದ್ರೂ ಸರಿ."

"ಹೇಳ್ತೀನಿ."

ಅವನು ಅರ್ಜಿ ಓದತೊಡಗಿದ. ಮೂರನೇ ಪುಟದಲ್ಲಿ ಅವನ ಹುಬ್ಬು ಗಂಟಾಯಿತು. ತಲೆ ಎತ್ತಿ ಅವಳನ್ನು ನೋಡಿದ, ಉಗುಳು ನುಂಗಿದ.

"ಏನು?" ಎಂದಳು ಅವಳು.

"ಅದೂ..."

"ಹೇಳ್ತೀರೋ ಇಲ್ವೋ!"

"ಈ ಸಲವೂ ಕೆಲವರು ನಡುವೆ ಬಿಟ್ಟು ಹೋಗ್ತಾರೆ. ಅಳತೆಗೂ ಬರಲ್ಲ. ಅವರಿಗೆ ನೀವು ಜಾಗ ಇಟ್ಟಿಲ್ಲ. ನೂರಕ್ಕೆ ಹದಿನೈದು ಜನ ಹೋಗ್ತಾರೆ ಅಂದ್ಕೊಂಡ್ರೆ ಗುಂಪಿಗೆ ಎಂಬತ್ತೊಂಬತ್ತು ಬೇಕು."

"ಇನ್ನೂ ಹದಿನಾಲ್ಕು ಜನಾನಾ? ಒಂದೊಂದು ಗುಂಪಿಗೂ?"

"ಒಂದೊಂದು ಗುಂಪಿಗೂ."

ಅವಳು ಅವನನ್ನೇ ದಿಟ್ಟಿಸಿದಳು. ಭುಜಕ್ಕೆ ಒಂದು ಏಟು ಹಾಕಿದಳು, ಮೆಲ್ಲಗಲ್ಲ! ಆಮೇಲೆ ಅದೇ ಭುಜಕ್ಕೆ ಹಣೆಯಿಟ್ಟು ಅಳುತ್ತಾ ನಗತೊಡಗಿದಳು. ಅವನ ಕೈ ಹೆದರಿ ಹೆದರಿ ಅವಳ ಬೆನ್ನಿನ ಮೇಲೆ ಬಂದು ನಿಂತಿತು.

"ಕೋಪ ಹೋಯ್ತಾ?" ಎಂದು ಕೇಳಿದ.

"ಇಲ್ಲ. ಇನ್ನೂ ಸ್ವಲ್ಪ ದಿನ ಇರುತ್ತೆ."

"ಇರಲಿ. ನಾಳೆ?"

"ನಾಳೆ ಕೋಪ ಮಾಡ್ಕೊಂಡೇ ಬರ್ತೀನಿ."

"ಬನ್ನಿ," ಎಂದ ಅವನು. "ನಾನು ಎಲ್ಲಿಗೂ ಹೋಗಲ್ಲ."